ಗಿಡಕ್ಕೊಂದು ಲೋಟ

ಮೊದಲು ಗೊಂಚಲನ್ನು ಹತ್ತಿರದಿಂದ ನೋಡಬೇಕು. ಅದಕ್ಕೆ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂರಲೇಬೇಕು, ಯಾಕೆಂದರೆ ಇಲ್ಲಿಯ ದ್ರಾಕ್ಷಿ ಚಪ್ಪರಕ್ಕೆ ಹಬ್ಬಿಸಿದ್ದಲ್ಲ; ಮೋಟು ಬುಡದ ಗಿಡ, ತಂತಿಗೆ ಕಟ್ಟಿದ ನಾಲ್ಕು ಕೊಂಬೆ, ಹಣ್ಣೆಲ್ಲ ಮೊಣಕಾಲಿನ ಎತ್ತರದಲ್ಲಿ. ಅಕ್ಟೋಬರ್ ಅರ್ಧ ಕಳೆದಿದೆ. ಎಲೆ ಹಳದಿಗೆ ತಿರುಗಿ ಅಲ್ಲಲ್ಲಿ ಉದುರಿ, ಕಾಲಡಿಯ ಜಲ್ಲಿಮಣ್ಣಿಗೆ ಒದ್ದೆಯಾಗಿ ಅಂಟಿಕೊಂಡಿದೆ. ಗೊಂಚಲಿನ ಹೆಗಲ ಮೇಲಿನ ಐದಾರು ಹಣ್ಣು ಇನ್ನೂ ಹೊಂಬಣ್ಣದಲ್ಲಿ ತುಂಬಿಕೊಂಡು, ಬಿಗಿಯಾಗಿ ಹೊಳೆಯುತ್ತಿವೆ. ಅವುಗಳಿಗೆ ಒತ್ತಿಕೊಂಡೇ ಇರುವ ಹಣ್ಣುಗಳ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ. ಇನ್ನೊಂದು ಬೆರಳಿನಷ್ಟು ಕೆಳಗೆ ಬಂದರೆ ಚುಕ್ಕೆಗಳು ಕೂಡಿ ಹಣ್ಣಿಗೆ ಹಣ್ಣೇ ನೇರಳೆಗಂದು ಆಗಿದೆ, ಆದರೆ ಸಿಪ್ಪೆ ಇನ್ನೂ ಸುಕ್ಕಾಗಿಲ್ಲ. ತೀರ ಕೆಳಗಿನವು ಮಾತ್ರ ಮುದುಡಿ, ನೆರಿಗೆ ನೆರಿಗೆಯಾಗಿ, ಮೈತುಂಬ ಬೂದುಬಣ್ಣದ ಬೂಷ್ಟು ಹೊದ್ದು ಕೂತಿವೆ. ಹಣ್ಣಿನಂಗಡಿಯಲ್ಲಿ ಇಂಥದ್ದು ಒಂದು ಸಿಕ್ಕರೂ ನಾವು ಇಡೀ ಗೊಂಚಲನ್ನೇ ಪಕ್ಕಕ್ಕೆ ಸರಿಸುತ್ತೇವೆ. ಈ ತೋಟದವರು ಚಳಿಗಾಲದಲ್ಲಿ ಗಿಡ ಸವರಿದ ದಿನದಿಂದ ಕಾದದ್ದು ಈ ಮುದುಡಿದ ಹಣ್ಣಿಗಾಗಿಯೇ.

ಅದರಲ್ಲೊಂದನ್ನು ಕಿತ್ತು ಬೆರಳಲ್ಲಿ ಒತ್ತಿ ನೋಡಿ. ರಸ ಚಿಮ್ಮುವುದಿಲ್ಲ, ನಿಧಾನಕ್ಕೆ ಒಸರುತ್ತದೆ, ಎರಡು ಬೆರಳು ಅಂಟಿಕೊಳ್ಳುತ್ತವೆ. ಬಾಯಿಗೆ ಹಾಕಿದರೆ ಮೊದಲು ಬೂಷ್ಟಿನ ಒಣ ಮಣ್ಣುವಾಸನೆ, ಅದರ ಹಿಂದೆಯೇ ಜೇನು, ಏಪ್ರಿಕಾಟ್, ಕಿತ್ತಳೆ ಸಿಪ್ಪೆಯ ಕಹಿ, ಕಡೆಗೆ ನಾಲಿಗೆಯ ಅಂಚನ್ನು ಚುರುಕುಗೊಳಿಸುವ ಹುಳಿ. ಬರೀ ಸಿಹಿಯಾಗಿದ್ದರೆ ಎರಡನೆಯದನ್ನು ತಿನ್ನಲು ಮನಸ್ಸು ಬರುತ್ತಿರಲಿಲ್ಲ. ಆ ಹುಳಿಯೇ ಕೈಯನ್ನು ಮತ್ತೆ ಗೊಂಚಲಿನತ್ತ ಎಳೆಯುತ್ತದೆ.

ಊರಿನ ಹೆಸರು ಫಾರ್ಗ್. ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಬೋರ್ಡೋ ನಗರದಿಂದ ಗರೋನ್ ನದಿಗುಂಟ ಮೇಲಕ್ಕೆ ಸುಮಾರು 40 ಕಿಲೊಮೀಟರ್ ಬಂದರೆ ಲಾಂಗೋನ್ ಎಂಬ ಪೇಟೆ, ಅದರ ಪಕ್ಕದಲ್ಲೇ ಈ ಹಳ್ಳಿ. ಫಾರ್ಗ್, ಸೋತೆರ್ನ್, ಬೊಮ್, ಪ್ರೆನ್ಯಾಕ್, ಬಾರ್ಸಾಕ್: ಈ ಐದು ಊರುಗಳ ಹೊಲದಲ್ಲಿ ಬೆಳೆದು ಇಲ್ಲಿಯ ಕಟ್ಟಳೆಯಂತೆ ಮಾಡಿದ ಸಿಹಿ ವೈನಿಗೆ ಮಾತ್ರ ‘ಸೋತೆರ್ನ್’ ಎಂಬ ಹೆಸರು ಹಾಕಿಕೊಳ್ಳುವ ಹಕ್ಕು. ಆ ಹಕ್ಕು ಕಾನೂನಿನ ರೂಪ ಪಡೆದದ್ದು 1936ರಲ್ಲಿ. ಆದರೆ ಕಾನೂನಿಗಿಂತ ಎಷ್ಟೋ ಮೊದಲೇ ಈ ಗಡಿಯನ್ನು ಎಳೆದಿಟ್ಟದ್ದು ಒಂದು ಪುಟ್ಟ ಹೊಳೆ, ಸಿರೋನ್.

ಸಿರೋನ್ ಹೊಳೆಯನ್ನು ನೋಡಿದವರಿಗೆ ಅದು ಇಷ್ಟು ದೊಡ್ಡ ಕೆಲಸ ಮಾಡುತ್ತದೆಂದು ನಂಬಿಕೆ ಬಾರದು. ದಕ್ಷಿಣದ ಲಾಂಡ್ ಪ್ರದೇಶದ ಪೈನ್ ಕಾಡುಗಳ ಮರಳಿನಲ್ಲಿ ಹುಟ್ಟಿ, ಎರಡು ದಂಡೆಯ ಮರಗಳು ತಲೆ ಕೂಡಿಸಿದ ನೆರಳಿನಲ್ಲೇ ಹರಿದು ಬರುತ್ತದೆ. ದಂಡೆಯ ಮೇಲೆ ಹಿಮಯುಗದ ಕಾಲದಿಂದ ವಂಶ ಉಳಿಸಿಕೊಂಡು ಬಂದಿರುವ ಬೀಚ್ ಮರಗಳಿವೆ. ಸುತ್ತಲಿನ ಸೀಮೆಯಲ್ಲಿ ಆ ಜಾತಿಗೆ ತಾಳಿಕೆಯಾಗದಷ್ಟು ಸೆಕೆ, ಇಲ್ಲಿ ಮಾತ್ರ ತಂಪು. ಬಿಸಿಲು ಕಾಣದ ಆ ನೀರು ಪ್ರೆನ್ಯಾಕ್, ಬಾರ್ಸಾಕ್ ನಡುವೆ ಗರೋನ್ ನದಿಗೆ ಸೇರುತ್ತದೆ. ಗರೋನ್ ಅಗಲದ ನದಿ, ಬೇಸಿಗೆಯೆಲ್ಲ ಬಿಸಿಲು ಕುಡಿದು ಬೆಚ್ಚಗಾದ ನೀರು. ಶರತ್ಕಾಲದ ರಾತ್ರಿ ಗಾಳಿ ತಣ್ಣಗಾದಾಗ ಈ ತಂಪು, ಆ ಬೆಚ್ಚು ಎರಡೂ ಕೂಡಿದ ಜಾಗದಲ್ಲಿ ಮಂಜು ಏಳುತ್ತದೆ. ನಸುಕಿಗೆಲ್ಲ ಅದು ಕಣಿವೆ ತುಂಬಿ, ದಿಬ್ಬ ಹತ್ತಿ, ಗಿಡದ ಸಾಲುಗಳ ನಡುವೆ ಹೊಕ್ಕು ಪ್ರತಿ ಹಣ್ಣನ್ನೂ ಒದ್ದೆ ಮಾಡುತ್ತದೆ. ಹತ್ತು ಹನ್ನೊಂದು ಗಂಟೆಗೆ ಬಿಸಿಲು ಬಂತೆಂದರೆ ಮಂಜು ಕರಗಿ, ಮಧ್ಯಾಹ್ನಕ್ಕೆ ಹಣ್ಣಿನ ಮೈ ಒಣ ಒಣ.

ಬೊಟ್ರೈಟಿಸ್ ಸಿನೆರಿಯಾ ಎಂಬ ಬೂಷ್ಟಿಗೆ ಬೇಕಾದದ್ದು ಇಷ್ಟೇ. ಬೆಳಗಿನ ಒದ್ದೆಯಲ್ಲಿ ಅದು ಮೊಳೆಯುತ್ತದೆ, ಸೆಮಿಯೋನ್ ದ್ರಾಕ್ಷಿಯ ತೆಳು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆ ತೂತುಗಳಿಂದ ಹಣ್ಣಿನ ನೀರು ಆವಿಯಾಗಿ ಹೋಗುತ್ತದೆ. ಸಕ್ಕರೆ, ಹುಳಿ, ಪರಿಮಳ ಒಳಗೇ ಗಟ್ಟಿಯಾಗುತ್ತವೆ. ವಿಜಯಪುರದ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡುವುದನ್ನು ಕಂಡ ನಮಗೆ ಒಣಗುವುದು ಹೊಸದಲ್ಲ. ಆದರೆ ಅಲ್ಲಿ ಹಣ್ಣು ಒಣಗುವುದು ಗಾಳಿಗೆ, ಇಲ್ಲಿ ಒಂದು ಜೀವಿ ಒಳಹೊಕ್ಕು ಹಣ್ಣಿನ ಗುಣವನ್ನೇ ಬದಲಿಸುತ್ತದೆ: ಇದ್ದ ಹುಳಿಯಲ್ಲಿ ಸ್ವಲ್ಪ ತಿನ್ನುತ್ತದೆ, ಗ್ಲಿಸರಾಲ್ ಕೂಡಿಸುತ್ತದೆ, ಮೊದಲು ಇಲ್ಲದಿದ್ದ ವಾಸನೆಗಳನ್ನು ಹುಟ್ಟಿಸುತ್ತದೆ. ಇದೇ ಬೂಷ್ಟು ಮಂಜಿನ ಬದಲು ಮಳೆಯೊಂದಿಗೆ ಬಂದರೆ, ಅಥವಾ ಹಣ್ಣಾಗುವ ಮೊದಲೇ ಹತ್ತಿದರೆ, ತೋಟಕ್ಕೆ ತೋಟವೇ ಕೊಳೆತು ಗಬ್ಬೆದ್ದು ಹೋಗುತ್ತದೆ. ವರ ಮತ್ತು ಶಾಪದ ನಡುವೆ ಇರುವುದು ನಾಲ್ಕು ದಿನದ ಬಿಸಿಲು.

ಮಂಜು ಸರಿದ ಮೇಲೆ ದಿಬ್ಬದ ನೆತ್ತಿಯಲ್ಲಿ ಕೋಟೆ ಕಾಣುತ್ತದೆ. ಮಾಡಿಲ್ಲದ ಎತ್ತರದ ಗೋಡೆಗಳು, ಆಕಾಶಕ್ಕೆ ತೆರೆದ ಕಿಟಕಿಗಳು, ಹೊಗೆ ಬಿಟ್ಟು ಎಷ್ಟೋ ಕಾಲವಾದ ಕಲ್ಲಿನ ಒಲೆಗೂಡುಗಳು. ಇದನ್ನು 1306ರಲ್ಲಿ ಕಟ್ಟಿಸಿದವನು ರೇಮೊಂ ಗಿಯೆಮ್ ದ ಫಾರ್ಗ್ ಎಂಬ ಕಾರ್ಡಿನಲ್, ಆಗ ಪೋಪ್ ಆಗಿದ್ದ ಐದನೇ ಕ್ಲೆಮೆಂಟನ ಸಂಬಂಧಿ. 1472ರಲ್ಲಿ ಮದುವೆಯ ಮೂಲಕ ಈ ಆಸ್ತಿ ಲೂರ್ ಸಲೂಸ್ ಮನೆತನಕ್ಕೆ ಬಂತು. 1687ರಲ್ಲಿ ಬೆಂಕಿ ಬಿದ್ದು ಕೋಟೆ ಸುಟ್ಟಿತು. ಮತ್ತೆ ಯಾರೂ ಅದನ್ನು ಮೊದಲಿನಂತೆ ಕಟ್ಟಲಿಲ್ಲ, ಕೆಡವಲೂ ಇಲ್ಲ, ಮಾರಲೂ ಇಲ್ಲ. ಐನೂರೈವತ್ತು ವರ್ಷ ದಾಟಿದರೂ ಜಮೀನು ಅದೇ ಮನೆತನದ ಕೈಯಲ್ಲಿದೆ. ಪೂರ್ವಿಕರ ಮುರುಕು ಗೋಡೆಯ ನೆರಳು ಸಂಜೆಯಾದರೆ ಮೊಮ್ಮಕ್ಕಳ ತೋಟದ ಮೇಲೆ ಬೀಳುತ್ತದೆ.

ಇಷ್ಟು ಹಳೆಯ ಆಸ್ತಿ, ಆದರೆ ಇಲ್ಲಿಯ ಸಿಹಿ ವೈನು ಅಷ್ಟು ಹಳೆಯದಲ್ಲ. ಊರಿನ ಹೆಸರನ್ನೇ ಹೊತ್ತ ಈ ಫಾರ್ಗ್ ಆಸ್ತಿ ಬಹುಕಾಲ ರೈತಾಪಿಯ ಜಮೀನಾಗಿತ್ತು. ಮನೆ ಬಳಕೆಗೆ ಒಂದಿಷ್ಟು ಕೆಂಪು ವೈನ್ ಮಾಡಿಕೊಳ್ಳುತ್ತಿದ್ದರು, ಅಷ್ಟೆ. ಮನೆತನದ ಹೆಸರು, ಗಮನ, ದುಡ್ಡು ಎಲ್ಲ ಇದ್ದದ್ದು ಕೆಲವೇ ಕಿಲೊಮೀಟರ್ ಆಚೆಯ ಇನ್ನೊಂದು ದಿಬ್ಬದಲ್ಲಿ. ಅದು ಇಕೆಮ್. ಜಗತ್ತಿನ ಸಿಹಿ ವೈನುಗಳಲ್ಲಿ ಆ ಹೆಸರಿಗಿಂತ ದೊಡ್ಡದು ಇಲ್ಲ. 1785ರಲ್ಲಿ ಫ್ರಾಂಸ್ವಾಸ್ ಜೋಸೆಫೀನ್ ಎಂಬ ಇಕೆಮ್ ಮನೆಯ ಮಗಳು ಲೂರ್ ಸಲೂಸ್ ಮನೆತನಕ್ಕೆ ಸೊಸೆಯಾಗಿ ಬಂದಾಗ ಆ ತೋಟವೂ ಈ ಕಡೆಗೆ ಬಂತು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಇಪ್ಪತ್ತರ ಆಸುಪಾಸಿನ ಆ ಹೆಣ್ಣುಮಗಳು ಮುಂದೆ ಫ್ರೆಂಚ್ ಕ್ರಾಂತಿಯ ವರ್ಷಗಳಲ್ಲಿ ಸೆರೆಮನೆ ಕಂಡರೂ ಆಸ್ತಿ ಬಿಟ್ಟುಕೊಡದೆ, ಮುಂದಿನ ಅರ್ಧ ಶತಮಾನ ತೋಟ ನಡೆಸಿದಳು. ಇಕೆಮ್‌ನ ಕೀರ್ತಿಗೆ ತಳಪಾಯ ಹಾಕಿದವಳು ಅವಳೇ ಎಂದು ನನಗನಿಸುತ್ತದೆ. ಪುಸ್ತಕಗಳು ಅವಳ ಹೆಸರನ್ನು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಫಾರ್ಗ್ ದಿಬ್ಬದಲ್ಲಿ ಬಿಳಿ ದ್ರಾಕ್ಷಿ ನೆಡಿಸಿದವರು ಬೆರ್ತ್ರಾಂ ದ ಲೂರ್ ಸಲೂಸ್, 1930ರ ದಶಕದಲ್ಲಿ. ಅದು ಜಗತ್ತಿನ ವ್ಯಾಪಾರವೆಲ್ಲ ಮಲಗಿದ್ದ ಕಾಲ, ಇದ್ದ ವೈನಿಗೇ ಗಿರಾಕಿಯಿಲ್ಲ. ಗಿಡ ನೆಟ್ಟು, ಬೇರಿಳಿಸಿ, ಮೊದಲ ಸೋತೆರ್ನ್ ಕೈಗೆ ಬಂದದ್ದು 1943ರ ಸುಗ್ಗಿಯಲ್ಲಿ. ಬೋರ್ಡೋ ಆಗ ಜರ್ಮನ್ ಸೈನ್ಯದ ಹಿಡಿತದಲ್ಲಿತ್ತು. ಬೋರ್ಡೋ ವೈನುಗಳಿಗೆ ದರ್ಜೆ ಕಟ್ಟಿದ ಹೆಸರಾಂತ ಪಟ್ಟಿ ಸಿದ್ಧವಾದದ್ದು 1855ರಲ್ಲಿ. ಅದರಲ್ಲಿ ಇಕೆಮ್‌ಗೆ ಎಲ್ಲಕ್ಕಿಂತ ಮೇಲಿನ, ತನಗೊಂದಕ್ಕೇ ಮೀಸಲಾದ ಸ್ಥಾನ. ಫಾರ್ಗ್ ಆಗ ಇಂಥ ವೈನನ್ನೇ ಮಾಡುತ್ತಿರಲಿಲ್ಲವಾದ್ದರಿಂದ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಇಂದಿಗೂ ಇಲ್ಲ. ಆದರೂ ಪಟ್ಟಿಯಲ್ಲಿರುವ ಅನೇಕ ತೋಟಗಳ ವೈನಿಗಿಂತ ಫಾರ್ಗ್ ಬಾಟಲಿಗೆ ಜಾಸ್ತಿ ಬೆಲೆ. ಯಾಕೆಂದು ತಿಳಿಯಲು ಕೊಯ್ಲಿನವರ ಹಿಂದೆ ಒಂದು ಸಾಲು ನಡೆದರೆ ಸಾಕು.

ಅವರು ಮಂಜು ಆರುವವರೆಗೆ ಕತ್ತರಿ ಮುಟ್ಟುವುದಿಲ್ಲ. ಒದ್ದೆ ಹಣ್ಣು ಕೊಯ್ದರೆ ಆ ನೀರೆಲ್ಲ ರಸಕ್ಕೇ ಸೇರುತ್ತದೆ. ರಬ್ಬರ್ ಬೂಟು, ಸ್ವೆಟರ್, ಕೈಯಲ್ಲಿ ಸಣ್ಣ ಮೂತಿಯ ಕತ್ತರಿ, ಪಕ್ಕದಲ್ಲಿ ಬುಟ್ಟಿ. ಬೇರೆ ಕಡೆಯ ದ್ರಾಕ್ಷಿ ಸುಗ್ಗಿಯಲ್ಲಿ ಕೇಳುವ ಗಡಿಬಿಡಿಯ ಸದ್ದು ಇಲ್ಲಿಲ್ಲ. ಕತ್ತರಿ ಒಮ್ಮೆ ಕಚ್ ಅನ್ನುತ್ತದೆ, ಆಮೇಲೆ ಮೌನ, ಗೊಂಚಲನ್ನು ತಿರುಗಿಸಿ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ, ಮತ್ತೊಮ್ಮೆ ಕಚ್. ಮುದುಡಿದ ಎಂಟು ಹಣ್ಣು ಬುಟ್ಟಿಗೆ, ನೇರಳೆಗಂದಿನವು ಗಿಡದಲ್ಲೇ, ವಿನೆಗರ್ ವಾಸನೆ ಹೊಡೆದವು ನೆಲಕ್ಕೆ. ನೆಲಕ್ಕೆ ಬಿದ್ದದ್ದೂ ಒಂದು ತೀರ್ಮಾನವೇ. ಒಂದು ಹುಳಿತ ಹಣ್ಣು ಬುಟ್ಟಿಗೆ ಬಿದ್ದರೆ ಪೀಪಾಯಿಯವರೆಗೂ ಅದರ ಕೊಂಕು ಹೋಗುತ್ತದೆ. ಹೀಗೆ ಇಡೀ ತೋಟ ಸುತ್ತಿ ಮುಗಿಸಿದರೆ ಒಂದು ಸುತ್ತು. ಕೆಲವು ದಿನ ಬಿಟ್ಟು ಉಳಿದ ಹಣ್ಣು ಹದಕ್ಕೆ ಬಂದ ಮೇಲೆ ಅದೇ ಸಾಲು, ಅದೇ ಗಿಡ, ಅದೇ ಗೊಂಚಲು, ಮತ್ತೊಂದು ಸುತ್ತು. ಈ ಸೀಮೆಯ ಒಳ್ಳೆಯ ತೋಟಗಳಲ್ಲಿ ಇಂಥ ಐದಾರು ಸುತ್ತು ನಡೆಯುತ್ತವೆ. ಸೆಪ್ಟೆಂಬರಿನಲ್ಲಿ ಶುರುವಾದ ಕೊಯ್ಲು ನವೆಂಬರಿಗೆ ಕಾಲಿಡುವುದು ಮಾಮೂಲು. ಈ ತಿಂಗಳುಗಳಲ್ಲಿ ಕೂಲಿಯವರನ್ನು ಕೆಲಸವಿದ್ದ ದಿನವೂ ಇಲ್ಲದ ದಿನವೂ ಹಿಡಿದಿಟ್ಟುಕೊಳ್ಳಬೇಕು, ಯಾವ ಬೆಳಗ್ಗೆ ಹಣ್ಣು ಹದಕ್ಕೆ ಬರುತ್ತದೋ ಹೇಳಲಾಗದು. ಯಂತ್ರ ಇಲ್ಲಿ ಏನೂ ಮಾಡಲಾರದು. ಹಣ್ಣನ್ನು ಓದುವ ಆ ಕಣ್ಣು ಹೆಚ್ಚಾಗಿ ಅದೇ ಸೀಮೆಯಲ್ಲಿ ವರ್ಷ ವರ್ಷವೂ ಕೊಯ್ದು ಪಳಗಿದವರದು, ಅವರಲ್ಲಿ ಹೆಂಗಸರು ಬಹಳ. ಈ ವೈನಿನ ಅರ್ಧ ಯೋಗ್ಯತೆ ಆ ಕೈಗಳಲ್ಲಿದೆ ಎಂದರೆ ತೋಟದ ಯಜಮಾನರೂ ಇಲ್ಲವೆನ್ನಲಾರರು.

ಸಂಜೆ ಬುಟ್ಟಿಗಳು ಬರುವ ಹೊತ್ತಿಗೆ ಹಿಂಡುವ ಕೋಣೆಯಲ್ಲಿ ದೀಪ ಹತ್ತಿರುತ್ತದೆ. ಹಣ್ಣು ಸುರಿದಾಗ ಬೂಷ್ಟಿನ ಧೂಳು ಹೊಗೆಯಾಗಿ ಏಳುತ್ತದೆ. ಯಂತ್ರ ನಿಧಾನಕ್ಕೆ ಒತ್ತುತ್ತದೆ. ರಸ ಬರಲು ಸಮಯ ಬೇಕು, ಹಣ್ಣಲ್ಲಿ ನೀರೇ ಇಲ್ಲವಲ್ಲ. ಬೇರೆ ವೈನುಗಳಲ್ಲಿ ಮೊದಲ ಹಿಂಡಿನ ರಸಕ್ಕೆ ಮರ್ಯಾದೆ ಹೆಚ್ಚು, ಆಮೇಲಿನದು ಕಳಪೆ. ಇಲ್ಲಿ ಹಿಂಡಿಯನ್ನು ಬಿಡಿಸಿ ಮತ್ತೆ ಮತ್ತೆ ಒತ್ತುತ್ತಾರೆ, ಕಡೆಯ ಹಿಂಡಿನಲ್ಲಿ ಬರುವ ರಸವೇ ಎಲ್ಲಕ್ಕಿಂತ ಸಿಹಿ, ಎಲ್ಲಕ್ಕಿಂತ ದಪ್ಪ. ಒಂದು ಲೀಟರ್ ರಸದಲ್ಲಿ ಕನಿಷ್ಠ 221 ಗ್ರಾಂ ಸಕ್ಕರೆ ಇರಲೇಬೇಕೆಂದು ಸೋತೆರ್ನ್ ಕಟ್ಟಳೆ ಹೇಳುತ್ತದೆ. ಫಾರ್ಗ್‌ನಂಥ ತೋಟದವರು 350 ಗ್ರಾಂ ಸುತ್ತಮುತ್ತ ಹಣ್ಣಾಗುವವರೆಗೆ ಕೊಯ್ಯಲು ಮನಸ್ಸು ಮಾಡುವುದಿಲ್ಲ.

ಆ ದಿನದ ರಸ ಆ ದಿನದ ಪೀಪಾಯಿಗೆ. ಒಂದೊಂದು ಓಕ್ ಮರದ ಪೀಪಾಯಿ 225 ಲೀಟರಿನದು. ಒಳಗೆ ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುತ್ತ ಹೋಗುತ್ತದೆ. ಕಿವಿಯಿಟ್ಟರೆ ವಾರಗಟ್ಟಲೆ ಸಣ್ಣಗೆ ಗುಳುಗುಳು ಕೇಳಿಸುತ್ತದೆ. ಮದ್ಯಸಾರ ನೂರಕ್ಕೆ 13-14ಕ್ಕೆ ಬಂದಾಗ ಯೀಸ್ಟ್ ಸೋತು ಸುಮ್ಮನಾಗುತ್ತದೆ, ಲೀಟರಿಗೆ ನೂರಿಪ್ಪತ್ತು, ನೂರಮೂವತ್ತು ಗ್ರಾಂ ಸಕ್ಕರೆ ತಿನ್ನಲಾಗದೆ ಉಳಿದುಹೋಗುತ್ತದೆ. ಈ ವೈನಿನ ಸಿಹಿ ಹೀಗೆ ಉಳಿದ ಸಿಹಿ, ಯಾರೂ ಹಾಕಿದ್ದಲ್ಲ. ಆಮೇಲೆ ಎರಡೂವರೆ ಮೂರು ವರ್ಷ ಅದೇ ಮರದೊಳಗೆ ವಾಸ. ಮರ ಉಸಿರಾಡುತ್ತದೆ, ವೈನ್ ಚೂರುಚೂರೇ ಆರುತ್ತದೆ, ಆರಿದಷ್ಟನ್ನು ಮತ್ತೆ ಮತ್ತೆ ಮೇಲಿಂದ ತುಂಬುತ್ತಿರಬೇಕು. ನೆಲಮಾಳಿಗೆಯ ಗಾಳಿಯೇ ಓಕ್, ಒದ್ದೆ ಕಲ್ಲು, ಜೇನು ಕೂಡಿದ ವಾಸನೆಯಿಂದ ದಪ್ಪಗಾಗಿರುತ್ತದೆ. ಒಳಹೊಕ್ಕವರ ಬಟ್ಟೆಗೂ ಅದು ಹತ್ತುತ್ತದೆ.

ಇಷ್ಟಾದ ಮೇಲೆ ಕೈಗೆ ಬರುವುದೆಷ್ಟು? ಹೆಕ್ಟೇರಿಗೆ 2,500 ಲೀಟರ್ ಮೀರಕೂಡದೆಂದು ಕಾನೂನು. ಇಕೆಮ್‌ನಲ್ಲಿ, ಅದೇ ಕಟ್ಟುನಿಟ್ಟಿನಲ್ಲಿ ನಡೆಯುವ ಫಾರ್ಗ್‌ನಲ್ಲಿ, ಸಾವಿರ ಲೀಟರ್ ಮುಟ್ಟಿದರೆ ಹೆಚ್ಚು. ನಮ್ಮ ಲೆಕ್ಕದಲ್ಲಿ ಎಕರೆಗೆ ಹೆಚ್ಚೆಂದರೆ ನಾನೂರು ಲೀಟರ್ ಆಸುಪಾಸು. ಒಂದು ಗಿಡ ವರ್ಷವಿಡೀ ಬದುಕಿ ಕೊಡುವುದು ಒಂದು ಲೋಟ. ಬೋರ್ಡೋ ಸೀಮೆಯ ಮಾಮೂಲಿ ಕೆಂಪು ವೈನಿನ ತೋಟದಲ್ಲಿ ಒಂದೇ ಗಿಡದಿಂದ ಹತ್ತಿರ ಹತ್ತಿರ ಒಂದು ಬಾಟಲಿ ತೆಗೆಯುತ್ತಾರೆ.

ಆ ಒಂದು ಲೋಟವೂ ಇಲ್ಲದ ವರ್ಷಗಳಿವೆ. ಮಳೆ ಹಿಡಿದುಕೊಂಡ 1972, 1974, 1992, 2012ರಲ್ಲಿ ಇಕೆಮ್ ತನ್ನ ಹೆಸರಿನ ಒಂದು ಬಾಟಲಿಯನ್ನೂ ಹೊರತರಲಿಲ್ಲ. ಹಣ್ಣು ಇತ್ತು, ರಸವೂ ಬಂದಿತ್ತು. ಹೆಸರು ಹಾಕಲು ತಕ್ಕದ್ದಲ್ಲವೆಂದು ಬಿಟ್ಟರು. ಇವುಗಳಲ್ಲಿ ಮೊದಲ ಮೂರು ತೀರ್ಮಾನಗಳ ಕಾಲದಲ್ಲಿ ಯಜಮಾನಿಕೆ ನಡೆಸಿದ್ದವರು ಅಲೆಕ್ಸಾಂದ್ರ್ ದ ಲೂರ್ ಸಲೂಸ್. ಬೆರ್ತ್ರಾಂ ಅವರಿಗೆ ಸಹೋದರನ ಮಗ. 1968ರಲ್ಲಿ ಇಕೆಮ್, ಫಾರ್ಗ್ ಎರಡರ ಹೊಣೆಯೂ ಅವರ ಹೆಗಲಿಗೆ ಬಂತು. ಒಂದು ವರ್ಷದ ಆದಾಯವನ್ನೇ ಬಿಟ್ಟುಕೊಡುವ ಆ ಗಟ್ಟಿತನ ನನಗೆ ಈ ಕಥೆಯಲ್ಲೆಲ್ಲ ಅತಿ ದೊಡ್ಡದಾಗಿ ಕಾಣುತ್ತದೆ. ಬೆಲೆ ಬಾಳುವ ಹೆಸರಿದ್ದಾಗ ಅದನ್ನು ಯಾವುದಕ್ಕಾದರೂ ಅಂಟಿಸಿ ಮಾರುವ ಆಸೆ ಎಷ್ಟು ಬಲವಾದದ್ದು!

ಬಿಟ್ಟುಕೊಡಬೇಕಾಗಿ ಬಂದದ್ದು ಸುಗ್ಗಿಯೊಂದನ್ನೇ ಅಲ್ಲ. ಪಾಲು ಪಾಲಾಗಿ ಹಂಚಿಹೋಗಿದ್ದ ಇಕೆಮ್ ಆಸ್ತಿಯಲ್ಲಿ ದಾಯಾದಿಗಳು 1996ರಲ್ಲಿ ತಮ್ಮ ಷೇರುಗಳನ್ನು ಎಲ್‌ವಿಎಂಎಚ್ ಎಂಬ ಭಾರಿ ಕಂಪನಿಗೆ ಮಾರಲು ಒಪ್ಪಿದರು. ಅಲೆಕ್ಸಾಂದ್ರ್ ನ್ಯಾಯಾಲಯಗಳಲ್ಲಿ ಹೋರಾಡಿದರು; 1999ರಲ್ಲಿ ರಾಜಿಯಾಗಿ ಇಕೆಮ್ ಕೈಬಿಟ್ಟಿತು. ಇನ್ನೂರು ವರ್ಷಕ್ಕೂ ಮಿಕ್ಕಿದ ನಂಟು. 2004ರವರೆಗೆ ಅಲ್ಲಿಯೇ ಆಡಳಿತ ನೋಡಿಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಅವರು ಫಾರ್ಗ್ ದಿಬ್ಬಕ್ಕೆ ಬಂದು ನೆಲೆನಿಂತರು. ದೊಡ್ಡಮನೆ ಕೈತಪ್ಪಿ ಹಳೆಯ ಮೂಲಮನೆಗೆ ಮರಳಿದ ಮನೆತನಗಳು ನಮ್ಮ ಸೀಮೆಯಲ್ಲೂ ಎಷ್ಟಿಲ್ಲ! ಆದರೆ ಮರಳಿದವರು ಕೊರಗುತ್ತ ಕೂರಲಿಲ್ಲ. ಪಟ್ಟಿಯಲ್ಲಿಲ್ಲದ ಈ ಜಮೀನಿನಲ್ಲಿ, ಸೆಮಿಯೋನ್ ನೂರಕ್ಕೆ 80, ಸೋವಿನ್ಯೋನ್ ಬ್ಲಾಂ 20ರ ಅದೇ ಅಳತೆಯಲ್ಲಿ, ಅದೇ ಸುತ್ತುಗಳ ಕೊಯ್ಲು, ಅದೇ ವರ್ಷಗಳ ಪೀಪಾಯಿವಾಸ ನಡೆಸಿಕೊಂಡು ಬಂದರು. 2023ರಲ್ಲಿ ಅವರು ತೀರಿಕೊಂಡರು. ಈಗ ತೋಟ ನೋಡಿಕೊಳ್ಳುವವರು ಮಗ ಫಿಲಿಪ್.

ಲೋಟಕ್ಕೆ ಸುರಿದ ಹೊಸ ಫಾರ್ಗ್ ಹೊಂಬಣ್ಣ. ಇಪ್ಪತ್ತು ಮೂವತ್ತು ವರ್ಷದ್ದು ಕಡುಗಂದು. ಮೂಗಿಗೆ ಹಿಡಿದರೆ ಏಪ್ರಿಕಾಟ್, ಕಿತ್ತಳೆಯ ಮುರಬ್ಬ, ಕೇಸರಿ. ಇನ್ನೊಂದು ವಾಸನೆ ಮಾತ್ರ ಕನ್ನಡದ ಮೂಗಿಗೆ ಹೆಸರು ಹೇಳಿಕೊಡಬೇಕಿಲ್ಲ: ಹುರಿದ ಮೆಂತ್ಯದ್ದು. ಅದು ಭ್ರಮೆಯಲ್ಲ. ಮೆಂತ್ಯದ ಕಾಳಿಗೆ ಅದರ ಘಮ ಕೊಡುವ ಸೊಟೊಲಾನ್ ಎಂಬ ವಸ್ತುವೇ ಬೂಷ್ಟು ಹತ್ತಿದ ದ್ರಾಕ್ಷಿಯ ಈ ವೈನಿನಲ್ಲೂ ಇದೆ, ವಯಸ್ಸಾದಂತೆ ಹೆಚ್ಚುತ್ತ ಹೋಗುತ್ತದೆ. ಇದನ್ನು ಊಟದ ಕಡೆಯ ಸಿಹಿತಿಂಡಿಯ ಜೊತೆ ಇಡುವುದು ಹೊರಗಿನವರ ರೂಢಿ. ಈ ಸೀಮೆಯವರು ಊಟದ ನಡುವೆಯೇ ತೆರೆಯುತ್ತಾರೆ: ಹುರಿದ ಕೋಳಿಯ ಜೊತೆ, ಬಾತಿನ ಈಲಿಯ ಜೊತೆ, ಉಪ್ಪುಪ್ಪಾದ ರೋಕ್‌ಫೋರ್ ಚೀಸಿನ ಜೊತೆ. ಉಪ್ಪಿನ ಮೇಲೆ ಈ ಸಿಹಿ ಬಂದಾಗ ಎರಡೂ ತಮ್ಮ ಅತಿಯನ್ನು ಬಿಟ್ಟುಕೊಟ್ಟು ಹೊಂದಿಕೊಳ್ಳುತ್ತವೆ.

ಆದರೆ ಕುಡಿಯುವವರು ಕಡಿಮೆಯಾಗುತ್ತಿದ್ದಾರೆ. ಸಿಹಿ ಎಂದರೆ ಜನ ಹಿಂಜರಿಯುವ ಕಾಲವಿದು. ಸುತ್ತಲಿನ ಅನೇಕ ತೋಟಗಳು ಹಣ್ಣಿನ ಒಂದು ಪಾಲನ್ನು ಬೂಷ್ಟಿಗೆ ಬಿಡದೆ ಮುಂಚೆಯೇ ಕೊಯ್ದು ಸಿಹಿಯಿಲ್ಲದ ಬಿಳಿ ವೈನ್ ಮಾಡಿ ಸಂಸಾರ ತೂಗಿಸುತ್ತಿವೆ. 2017ರ ಏಪ್ರಿಲ್‌ನಲ್ಲಿ, ಮತ್ತೆ 2021ರ ಏಪ್ರಿಲ್‌ನಲ್ಲಿ, ಚಿಗುರಿನ ಮೇಲೆ ಹಿಮ ಬಿದ್ದು ಈ ಸೀಮೆಯ ತೋಟಗಳು ತತ್ತರಿಸಿದವು; ರಾತ್ರಿಯಿಡೀ ಸಾಲುಗಳ ನಡುವೆ ಬೆಂಕಿ ಹಚ್ಚಿ ಕಾದರೂ ಉಳಿದದ್ದು ಸ್ವಲ್ಪ. ಇದರ ಮೇಲೆ ರೈಲಿನ ಚಿಂತೆ. ಬೋರ್ಡೋದಿಂದ ತುಲೂಸ್‌ಗೆ ಹಾಕಲು ಹೊರಟಿರುವ ಅತಿವೇಗದ ರೈಲುಹಾದಿ ಸಿರೋನ್ ಕಣಿವೆಯನ್ನು ದಾಟಿಹೋಗಲಿದೆ. ಮರ ಕಡಿದು, ದಿಣ್ಣೆ ಕಟ್ಟಿ, ಸೇತುವೆ ಎಬ್ಬಿಸಿದರೆ ಹೊಳೆಯ ತಂಪು ಕೆಟ್ಟು, ಮಂಜು ಏಳುವ ಬಗೆಯೇ ಬದಲಾದೀತೆಂಬುದು ಬೆಳೆಗಾರರ ಹೆದರಿಕೆ. ಅವರು ವರ್ಷಗಳಿಂದ ವಿರೋಧಿಸುತ್ತಲೇ ಬಂದಿದ್ದಾರೆ. ಅವರ ಹೆದರಿಕೆಯಲ್ಲಿ ನ್ಯಾಯವಿದೆ ಎಂದೇ ನಾನು ಎಣಿಸುತ್ತೇನೆ. ಹಿಮಕ್ಕೆ ಸುಟ್ಟ ಗಿಡ ಮರುವರ್ಷ ಚಿಗುರುತ್ತದೆ, ಕೈತಪ್ಪಿದ ಇಕೆಮ್‌ನಲ್ಲೂ ಬೇರೆಯವರು ಅಷ್ಟೇ ಮುತುವರ್ಜಿಯಿಂದ ವೈನ್ ಮಾಡುತ್ತಿದ್ದಾರೆ. ಮಂಜು ನಿಂತರೆ ಮಾತ್ರ ಇಕೆಮ್‌ಗೂ ಫಾರ್ಗ್‌ಗೂ ಉಳಿದೆಲ್ಲ ತೋಟಗಳಿಗೂ ಮಾಡಲು ಕೆಲಸವೇ ಇರುವುದಿಲ್ಲ.